ತಿಪ್ಪಮ್ಮ, ತಂದೆ ಬೋರಯ್ಯ

ಕಳೆದ ತಿಂಗಳು ನ್ಯಾಮತಿಯಿಂದ ಹೊನ್ನಾಳಿಗೆ ಹೊರಟಿದ್ದ ಬಸ್ಸಿನಲ್ಲಿ ಹಿರಿಯರೊಬ್ಬರು ಕಂಬಳಿಯ ಗಂಟೊಂದನ್ನು ತಂದು ನನ್ನ ಕಾಲ ಬಳಿ ಇಟ್ಟರು. ಹೊರಗೆ ಜಿಟಿಜಿಟಿ ಮಳೆ. ಗಂಟು ಅರ್ಧ ನೆನೆದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ನಾನು ಇನ್ನಷ್ಟು ಬಗ್ಗಿ ಉಸಿರೆಳೆದುಕೊಂಡೆ. ಒದ್ದೆ ಉಣ್ಣೆಯ ವಾಸನೆ ಎಂದರೆ ನನಗೆ ಇವತ್ತಿಗೂ ಸರ್ವರ್ ರೂಮಿನ ವಾಸನೆ.

ಬೇರೆಯವರ ಸರ್ವರ್ ರೂಮುಗಳು ತಣ್ಣಗೆ, ಗಾಜಿನ ಬಾಗಿಲು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎನ್ನುವಂಥವು. ನನ್ನದು ಜಗಳೂರಿನ ಹಳೆಯ ಉಣ್ಣೆ ಗೋದಾಮಿನ ಹಿಂದಿನ ಕೋಣೆ. ಅಲ್ಲಿಗೆ ಜನ ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದರು, ಕೆಲವರು ಕುರಿಮರಿಯನ್ನು ಕಂಕುಳಲ್ಲಿ ಅವುಚಿಕೊಂಡೂ ಬರುತ್ತಿದ್ದರು. ಆ ಕೋಣೆಯಲ್ಲಿ ನಾನು ಇದ್ದದ್ದು ಒಂದೇ ವರ್ಷ. ಆ ವರ್ಷ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಮಾತು ‘ಅದನ್ನ ಆಫ್ ಮಾಡಮ್ಮ’. ನನ್ನ ಬಾಯಿಂದ ಅತಿ ಹೆಚ್ಚು ಬಂದ ಮಾತು ‘ಮಾಡಲ್ಲ’. ವರ್ಷದ ಕೊನೆಗೆ ಕೆಲಸ ಹೋಯಿತು. ಹೋದರೆ ಹೋಗಲಿ. ಈಗ ನ್ಯಾಮತಿಯಲ್ಲಿ ನನ್ನದೇ ಕಂಪ್ಯೂಟರ್ ಅಂಗಡಿ ಇದೆ, ಯಾವುದನ್ನಾದರೂ ಆಫ್ ಮಾಡು ಎಂದು ಅಲ್ಲಿ ನನಗೆ ಯಾರೂ ಹೇಳುವಂತಿಲ್ಲ.

ನನ್ನ ಹೆಸರು ನಸೀಮಾ. ಹುಟ್ಟಿ ಬೆಳೆದದ್ದು ಹೊನ್ನಾಳಿ. ಅಬ್ಬಾ ಸುಟ್ಟುಹೋದ ಪಂಪ್‌ಸೆಟ್ಟು ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು. ಅವರ ಅಂಗಡಿಯಲ್ಲೇ ನಾನು ಸ್ಕ್ರೂ ಬಿಚ್ಚುವುದನ್ನು ಕಲಿತದ್ದು, ಬಿಚ್ಚಿದ್ದನ್ನು ಹಾಗೇ ಬಿಡಬಾರದೆಂದು ಬೈಸಿಕೊಂಡದ್ದು. ಕಂಪ್ಯೂಟರ್ ಡಿಪ್ಲೊಮಾ ಮುಗಿದ ಮೇಲೆ ಜಗಳೂರಿನ ಮಹಿಳಾ ಕುರಿ ಸಾಕಣೆದಾರರ ಸಂಘದಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಹೊಳೆ ದಂಡೆಯ ನಮ್ಮವರಿಗೆ ಬರದ ಸೀಮೆಯ ಜಗಳೂರು ಎಂದರೆ ಸಾಕು, ಪಾಪ ಎನ್ನುವ ಮುಖ ಮಾಡುತ್ತಾರೆ. ಅಮ್ಮಿ ಎರಡು ದೊಡ್ಡ ನೀರಿನ ಕ್ಯಾನ್ ಕೊಟ್ಟು ಬಸ್ಸು ಹತ್ತಿಸಿದಳು. ಅಲ್ಲಿ ಹೋಗಿ ನೋಡಿದರೆ ಗಾಳಿಗೇನೂ ಬರವಿರಲಿಲ್ಲ. ಇಡೀ ದಿನ ಬೀಸುತ್ತಿತ್ತು, ಶೇಂಗಾ ಸಿಪ್ಪೆ, ಕೆಂಪು ಧೂಳು, ಉಣ್ಣೆಯ ಎಳೆ ಎಲ್ಲವನ್ನೂ ತಂದು ನನ್ನ ಕೀಬೋರ್ಡಿನ ಮೇಲೆ ಸುರಿಯುತ್ತಿತ್ತು.

ಸಂಘದ ಅಧ್ಯಕ್ಷೆ ಹನುಮಕ್ಕ. ಐವತ್ತು ದಾಟಿದ್ದ ಗಟ್ಟಿ ಹೆಂಗಸು, ಸ್ವಂತ ಮಂದೆ ಇದ್ದವರು, ಸೊಂಟದಲ್ಲಿ ಸದಾ ಎಲೆಅಡಿಕೆಯ ಸಂಚಿ. ಕಾರ್ಯದರ್ಶಿ ರುದ್ರೇಶಪ್ಪನವರು ಒಳ್ಳೆಯ ಮನುಷ್ಯ, ಆದರೆ ಮೇಲಿನಿಂದ ಬಂದ ಯಾವ ಕಾಗದ ಕಂಡರೂ ಓದುವ ಮೊದಲೇ ಬೆವರುತ್ತಿದ್ದರು. ಉಣ್ಣೆ ಗೋದಾಮಿನಲ್ಲೇ ಇದ್ದ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ಯಾರೋ ಹಾಕಿಕೊಟ್ಟಿದ್ದ ಸಾಫ್ಟ್‌ವೇರಿನ ಕಳ್ಳ ಕಾಪಿ. ಆನ್ ಮಾಡಿ ಹೋಗಿ ಚಹಾ ಕುಡಿದು ಬಂದರೂ ಎದ್ದಿರುತ್ತಿರಲಿಲ್ಲ, ಎದ್ದ ಮೇಲೆ ವೈರಸ್ ವೈರಸ್ ಎಂದು ಗೋಳಾಡುತ್ತಿತ್ತು. ಬಂದ ವಾರದಲ್ಲೇ ಅದನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ನಡೆಸಲು ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿದೆ. ಅದರ ಮೇಲೆ ದಾಖಲೆಗಳನ್ನು ಕಾಯುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್ ಕೂರಿಸಿದೆ. ಎರಡೂ ಯಾರಪ್ಪನ ಮನೆಯ ಗಂಟೂ ಅಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.

ರುದ್ರೇಶಪ್ಪನವರಿಗೆ ಅದೇ ಭಯ. “ಪುಕ್ಕಟೆ ಸಿಕ್ಕೈತೆ ಅಂತೀಯಲ್ಲಮ್ಮ, ಕದ್ದ ಮಾಲು ಅಲ್ಲ ತಾನೆ?”

“ಇಲ್ಲ ಸರ್. ಕದ್ದಿದ್ದು ಹಳೇದು, ಅದನ್ನ ತೆಗೆದೆ. ಇದು ಎಲ್ಲರದ್ದೂ. ನಿಮ್ಮೂರ ಗೋಮಾಳ ಇದ್ದಂಗೆ. ಯಾರ ಕುರಿನಾದ್ರೂ ಮೇಯಬಹುದು.”

ಹನುಮಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿದರು. “ಗೋಮಾಳ ಅಂತೀಯ. ಹಂಗಾರೆ ಇವತ್ತಲ್ಲ ನಾಳೆ ಯಾವನಾದ್ರೂ ಬೇಲಿ ಹಾಕಾಕೆ ಬರ್ತಾನೆ. ಹುಷಾರಾಗಿರು ತಾಯಿ.”

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ ಕಾಣುವುದನ್ನು ನೋಡಿ ಬಂದವರೆಲ್ಲ ಟಿವಿ ಕೆಟ್ಟಿದೆ ಎಂದುಕೊಂಡರು. ಕೆಲಸವೇನೋ ಚೆನ್ನಾಗಿ ನಡೆಯುತ್ತಿತ್ತು. ಸದಸ್ಯರದು ಒಂದು ಕೋಷ್ಟಕ, ಅವರ ಕುರಿಗಳದು ಇನ್ನೊಂದು, ಯಾವ ಕುರಿಗೆ ಯಾವ ಸೂಜಿ ಯಾವಾಗ ಬಿತ್ತು ಎನ್ನುವುದು ಮತ್ತೊಂದು. ಇವುಗಳ ನಡುವಿನ ಸಂಬಂಧವನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತದೆ ಎಂದು ಒಂದು ಸಭೆಯಲ್ಲಿ ವಿವರಿಸಿದೆ. ಆ ಮಾತೇ ನನಗೆ ಮುಳುವಾಯಿತು. ವಾರದೊಳಗೆ ಮೂವರು ತಾಯಂದಿರು ಮಗಳ ಫೋಟೋ ಹಿಡಿದುಕೊಂಡು ಬಂದರು. “ನಿನ್ನ ಡಬ್ಬದಾಗೆ ಸಂಬಂಧ ಐತಂತಲ್ಲ, ಒಂದು ಒಳ್ಳೇದು ನೋಡು, ಹುಡುಗ ಕುಡಿಯೋನಾಗಬಾರದು” ಎಂದರು. ಹುಡುಗ ಕುಡಿಯುವವನೋ ಅಲ್ಲವೋ ಎಂದು ಪತ್ತೆ ಹಚ್ಚುವ ಡೇಟಾಬೇಸ್ ಇನ್ನೂ ಯಾರೂ ಬರೆದಿಲ್ಲ ಎಂದು ಹೇಳಿ ಚಹಾ ಕುಡಿಸಿ ಕಳಿಸಿದೆ.

ಮೂವರು ತಿಪ್ಪಮ್ಮಂದಿರು ಬಂದದ್ದು ಅದೇ ಸುಮಾರಿಗೆ. ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಹೆಸರು ಬರೆದುಕೊಳ್ಳುತ್ತಿದ್ದೆ. ಮೊದಲನೆಯವಳು ಬಂದಳು. ಹೆಸರು ತಿಪ್ಪಮ್ಮ, ತಂದೆ ಬೋರಯ್ಯ. ಎರಡನೆಯವಳು ಕೂತಳು. ಹೆಸರು ತಿಪ್ಪಮ್ಮ, ತಂದೆ ಬೋರಯ್ಯ. ಬರೆದಾಗಿದೆ ಅಮ್ಮಾ, ಮುಂದಿನವರು ಬನ್ನಿ ಎಂದೆ. ಮೂರನೆಯವಳು ಮುಂದೆ ಬಂದು, “ತಿಪ್ಪಮ್ಮ, ತಂದೆ ಬೋರಯ್ಯ ಅಂತ ಬರ್ಕಳಮ್ಮ” ಎಂದಳು. ಹಿಂದೆ ನಿಂತಿದ್ದ ಹೆಂಗಸರೆಲ್ಲ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು.

ಆ ಸೀಮೆಯ ಕೆಲವು ಮನೆತನಗಳಲ್ಲಿ ಮನೆದೇವರ ಹೆಸರನ್ನು ಒಂದು ಮಗುವಿಗೆ ಇಟ್ಟು ಇನ್ನೊಂದಕ್ಕೆ ಬಿಟ್ಟರೆ ದೇವರಿಗೆ ಮುನಿಸು. ಹಾಗಾಗಿ ಎಲ್ಲರಿಗೂ ಅದೇ ಹೆಸರು. ಕರೆಯುವಾಗ ದೊಡ್ಡ ತಿಪ್ಪಮ್ಮ, ನಡು ತಿಪ್ಪಮ್ಮ, ಸಣ್ಣ ತಿಪ್ಪಮ್ಮ. ಕಾಗದದ ಮೇಲೆ ಮೂವರೂ ಬರೀ ತಿಪ್ಪಮ್ಮ. ಬೋರಯ್ಯನಿಗೆ ಗಂಡು ಮಕ್ಕಳಿರಲಿಲ್ಲ, ಮಂದೆಯನ್ನು ಮೂರು ಪಾಲು ಮಾಡಿ ಹೆಣ್ಣುಮಕ್ಕಳಿಗೇ ಕೊಟ್ಟಿದ್ದ, ಆದ್ದರಿಂದ ಸದಸ್ಯತ್ವವೂ ತಂದೆಯ ಹೆಸರಲ್ಲೇ ಇತ್ತು. ಮೂವರದೂ ಒಂದೇ ಊರು, ಒಂದೇ ಓಣಿ, ಮೂವರಿಗೂ ಸೇರಿ ಒಂದೇ ಫೋನು.

“ಹಂಗಾದ್ರೆ ನಿಮ್ಮ ನಿಮ್ಮ ಕುರಿ ಹೆಂಗೆ ಗೊತ್ತಾಗುತ್ತೆ?” ಎಂದು ಕೇಳಿದೆ.

ಸಣ್ಣ ತಿಪ್ಪಮ್ಮ ತನ್ನ ಕಿವಿ ಮುಟ್ಟಿ ತೋರಿಸಿದಳು. “ಅಕ್ಕಂದು ಬಲಗಿವಿ ತುದಿ ಕತ್ತರಿಸಿರ್ತೈತೆ. ನಡುವಿನಾಕೀದು ಎಡಗಿವಿ ತುದಿ. ನಂದು ಎಡಗಿವಿ ಅಂಚಿನಾಗೆ ಒಂದು ಕಚ್ಚು. ಒಂದೇ ರೊಪ್ಪದಾಗೆ ಕೂಡಿದ್ರೂ ತಪ್ಪಂಗಿಲ್ಲ.”

ರೊಪ್ಪ ಎಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ನನ್ನ ಕೆಲಸವನ್ನು ಆಕೆಯೇ ಅರ್ಧ ಮುಗಿಸಿಕೊಟ್ಟಿದ್ದಳು. ಡೇಟಾಬೇಸಿನಲ್ಲಿ ಪ್ರತಿ ಸಾಲಿಗೂ ತನ್ನದೇ ಒಂದು ಗುರುತಿನ ಸಂಖ್ಯೆ ಇರಬೇಕು, ಅದು ಇನ್ನೊಬ್ಬರಿಗೆ ಹೋಗಬಾರದು, ಸತ್ತರೂ ಬದಲಾಗಬಾರದು. ಅದಕ್ಕೆ ಪ್ರೈಮರಿ ಕೀ ಎನ್ನುತ್ತಾರೆ. ಜಗಳೂರಿನಲ್ಲಿ ನಾನು ಅದನ್ನು ಕಿವಿಗುರುತು ಎಂದೆ. ಮೂವರಿಗೂ ಮೂರು ಸಂಖ್ಯೆ ಕೊಟ್ಟೆ. ಸರ್ವರ್ ತಕರಾರಿಲ್ಲದೆ ಮೂವರನ್ನೂ ಒಳಗೆ ಬಿಟ್ಟುಕೊಂಡಿತು.

ಅವರಲ್ಲಿ ಸಣ್ಣ ತಿಪ್ಪಮ್ಮನ ಕತೆ ಬೇರೆ. ಬೇಸಿಗೆಯಲ್ಲಿ ಜಗಳೂರಿನ ಮಂದೆಗಳು ನೀರಾವರಿ ಸೀಮೆಗೆ ಹೋಗುತ್ತವೆ. ಚನ್ನಗಿರಿ ಕಡೆ ಸೂಳೆಕೆರೆಯ ಕೆಳಗೆ, ನಮ್ಮ ಹೊನ್ನಾಳಿಯ ಗದ್ದೆಗಳಲ್ಲಿ, ಕೊಯ್ಲು ಮುಗಿದ ಕಡೆ ಬೀಡು ಬಿಡುತ್ತವೆ. ಮೊದಲ ಮಳೆಯ ಹೊತ್ತಿಗೆ ಊರಿಗೆ ವಾಪಸು. ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ನಾನು ನೋಡುತ್ತಿದ್ದ ಕುರಿಗಳು ಇವರವೇ ಇದ್ದರೂ ಇರಬಹುದು. ಮಳೆ ಬಿದ್ದ ಮೇಲೆ ಚಿಗುರುವ ಎಳೆಹುಲ್ಲನ್ನು ಕುರಿಗಳು ಹೊಟ್ಟೆ ಬಿರಿಯುವಂತೆ ಮೇಯುತ್ತವೆ, ಆಗಲೇ ಕರುಳುಬೇನೆ ಹತ್ತುವುದು. ಸಂಜೆ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಕಾಲು ಚಾಚಿರುತ್ತದೆ. ಔಷಧಿ ಕೊಡುವಷ್ಟು ಹೊತ್ತೂ ಇರುವುದಿಲ್ಲ. ಮೊದಲೇ ಲಸಿಕೆಯ ಸೂಜಿ ಹಾಕಿಸಿರಬೇಕು, ಹಾಕಿಸಿದ ಮೇಲೆ ಅದು ಮೈಗೆ ಹತ್ತಲು ಒಂದೆರಡು ವಾರ ಬೇಕು. ಹಿಂದಿನ ವರ್ಷ ಸಣ್ಣ ತಿಪ್ಪಮ್ಮ ಸೂಳೆಕೆರೆ ಕಡೆಯಿಂದ ತಡವಾಗಿ ಬಂದಳು, ಸೂಜಿ ತಪ್ಪಿತು, ಮಂದೆಯಲ್ಲಿ ಮುಕ್ಕಾಲು ಹೋಯಿತು. ಉಳಿದ ಕುರಿಗಳ ಮರಿಗಳಿಂದಲೇ ಮತ್ತೆ ಮಂದೆ ಕಟ್ಟಿಕೊಂಡಿದ್ದಳು.

“ಈ ಸಲಾನೂ ಹೋದ್ರೆ ನಾನು ಕುರಿಯೋಳಲ್ಲ ಕಣಮ್ಮ” ಎಂದಿದ್ದಳು ನನಗೆ. “ಇನ್ನೊಬ್ಬರ ಹೊಲದಾಗೆ ಕಳೆ ಕೀಳೋಳು. ನಮ್ಮಪ್ಪನ ಪಾಲು ನನ್ನ ಕೈಯಾಗೇ ಮುಗೀತು ಅಂತಾರೆ ಜನ.”

ಆ ಬೇಸಿಗೆ ಅಬ್ಬಾ ಒಮ್ಮೆ ಜಗಳೂರಿಗೆ ಬಂದರು. ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆಂದು ನೋಡಿ, ಟ್ರ್ಯಾಕ್ಟರಿನ ಬ್ಯಾಟರಿ ತರಿಸಿ ಇನ್‌ವರ್ಟರಿಗೆ ಜೋಡಿಸಿ ನನ್ನ ಪೆಟ್ಟಿಗೆಗೆ ಕೊಟ್ಟರು. ಅದಾದ ಮೇಲೆ ಸರ್ವರ್ ನಿಲ್ಲಲಿಲ್ಲ. ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಎಂದು ಕೇಳುವ ಒಂದು ಪುಟ್ಟ ಆಜ್ಞೆ ಲಿನಕ್ಸಿನಲ್ಲಿದೆ. ಪ್ರತಿ ಬೆಳಿಗ್ಗೆ ಅದನ್ನು ಟೈಪ್ ಮಾಡಿ ಉತ್ತರ ನೋಡಿ ಖುಷಿಪಡುತ್ತಿದ್ದೆ. ದಿನದ ಕೊನೆಗೆ ಎಲ್ಲದರ ನಕಲನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ ಹನುಮಕ್ಕನ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಎಲೆಅಡಿಕೆಯ ಸಂಚಿಯಲ್ಲಿ ಹಾಕಿಕೊಂಡು ಊರಿಗೆ ಹೋಗುತ್ತಿದ್ದರು. ಮರುದಿನ ಅದು ಸುಣ್ಣ ಮೆತ್ತಿಕೊಂಡು ವಾಪಸು ಬರುತ್ತಿತ್ತು.

ಬೇಲಿ ಹಾಕುವವರು ಬೇಸಿಗೆಯ ಕೊನೆಯಲ್ಲಿ ಬಂದರು. ನಮ್ಮಂಥ ಸಂಘಗಳಿಗೆಲ್ಲ ಮೇಲೊಂದು ಒಕ್ಕೂಟ ಇತ್ತು. ಇನ್ನು ಮುಂದೆ ಎಲ್ಲ ಸಂಘಗಳ ದಾಖಲೆಯೂ ಒಕ್ಕೂಟದ ಆ್ಯಪ್‌ನಲ್ಲೇ ಇರಬೇಕು, ಸ್ಥಳೀಯ ಕಂಪ್ಯೂಟರಿನಲ್ಲಿ ಇರುವುದನ್ನು ಒಪ್ಪಿಸಿ ನಿಲ್ಲಿಸಬೇಕು, ಈ ಸಲದ ಕರುಳುಬೇನೆ ಸೂಜಿಯನ್ನು ಹೊಸ ಪಟ್ಟಿಯ ಪ್ರಕಾರವೇ ಹಂಚಲಾಗುವುದು ಎಂದು ಕಾಗದ ಬಂತು. ಹಿಂದೆಯೇ ಲ್ಯಾಪ್‌ಟಾಪ್ ಹಿಡಿದು ಕಿರಣ್ ಎಂಬ ಯುವಕ ಬಂದ. ಸಭ್ಯ, ಮೃದು ಮಾತು, ಕೊಟ್ಟ ಚಹಾ ಕುಡಿದು ಲೋಟ ತಾನೇ ತೊಳೆದಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಿದೆ.

“ಮೇಡಂ, ಅಡ್ಮಿನ್ ಪಾಸ್‌ವರ್ಡ್ ಕೊಡಿ” ಎಂದ.

ನಾನು ಅವನಿಗಾಗಿಯೇ ಬೇರೊಂದು ಖಾತೆ ಮಾಡಿಕೊಟ್ಟೆ. ಆ ಖಾತೆಯಿಂದ ಎಲ್ಲವನ್ನೂ ನೋಡಬಹುದು, ನಕಲು ಮಾಡಿಕೊಳ್ಳಬಹುದು, ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಅವನು ನಕಲು ಮಾಡಿಕೊಂಡು ಹೋದ, ಎರಡು ದಿನ ಬಿಟ್ಟು ಬಂದ, ನಗುತ್ತಾ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

“ನಿಮ್ಮ ಡೇಟಾದಲ್ಲಿ ತುಂಬಾ ಡೂಪ್ಲಿಕೇಟ್ ಇತ್ತು ಮೇಡಂ. ಎಲ್ಲಾ ಕ್ಲೀನ್ ಮಾಡಿದೀನಿ.”

ಹೆಸರು, ತಂದೆಯ ಹೆಸರು, ಊರು, ಫೋನು ಒಂದೇ ಇರುವ ಸಾಲುಗಳನ್ನೆಲ್ಲ ಒಂದೇ ಮಾಡು ಎಂಬ ಆಜ್ಞೆ ಕೊಟ್ಟಿದ್ದಾನೆ ಅಷ್ಟೇ. ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ನನ್ನ ಕಿವಿಗುರುತಿನ ಸಂಖ್ಯೆಯ ಕಾಲಂ ಅವರ ಪಟ್ಟಿಯಲ್ಲಿ ಇರಲಿಲ್ಲ, ಅದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಂಡಿದ್ದ. ಆಧಾರ್ ಸಂಖ್ಯೆ ಇತ್ತಲ್ಲ ಎಂದು ಓದುವವರು ಕೇಳಬಹುದು. ಅದನ್ನು ಕಂಡಕಂಡವರಿಗೆ ಹಂಚಬಾರದೆಂದು ಅವರೂ ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ, ಆ ಮಟ್ಟಿಗೆ ಇಬ್ಬರೂ ಸರಿಯೇ. ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋದೆ. ‘ತಿಪ್ಪಮ್ಮ, ತಂದೆ ಬೋರಯ್ಯ’ ಒಬ್ಬಳೇ ಇದ್ದಳು, ಅವಳ ಮುಂದೆ ದೊಡ್ಡ ತಿಪ್ಪಮ್ಮನ ಕುರಿಗಳ ಲೆಕ್ಕ ಮಾತ್ರ ಇತ್ತು. ಓಬಮ್ಮ ಇಬ್ಬರಿದ್ದವರು ಒಬ್ಬಳಾಗಿದ್ದಳು, ಬೋರಮ್ಮಂದಿರೂ ಹಾಗೇ.

“ಇವರು ಮೂರು ಜನ ಕಿರಣ್” ಎಂದೆ. “ಅಕ್ಕತಂಗಿಯರು.”

“ಮೂವರಿಗೂ ಒಂದೇ ಹೆಸರಾ?” ಅವನು ನಿಜಕ್ಕೂ ನಂಬಲಿಲ್ಲ. “ಸರಿ ಮೇಡಂ, ಇಬ್ಬರ ಹೆಸರು ಚೇಂಜ್ ಮಾಡ್ಸಿ, ಅಫಿಡವಿಟ್ ಕೊಡ್ಸಿ. ಸಿಸ್ಟಮ್ ಒಪ್ಪಲ್ಲ ಈ ಥರ.”

“ನನ್ನ ಸಿಸ್ಟಮ್ ಒಪ್ಪಿದೆ.”

“ಅದನ್ನೇ ಮೇಡಂ, ಅದು ಇನ್ಮೇಲೆ ಇರಲ್ಲ” ಎಂದು ಹೇಳುತ್ತಲೇ ನನ್ನ ಸರ್ವರಿನೊಳಗೂ ಅದೇ ಶುದ್ಧೀಕರಣ ಮಾಡಲು ಕೈ ಹಾಕಿದ. ಪರ್ಮಿಷನ್ ಡಿನೈಡ್ ಎಂದು ಬಂತು. ಇನ್ನೊಮ್ಮೆ ಮಾಡಿದ, ಇನ್ನೊಮ್ಮೆ ಬಂತು. ಹನುಮಕ್ಕ ಅದೇನು ಬರೆದಿದೆ ಎಂದು ಕೇಳಿದರು. ‘ಮುಟ್ಟಬ್ಯಾಡ’ ಅಂತ ಬರೆದಿದೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು.

ಆದರೆ ಸುದ್ದಿ ಊರಿಗೆ ಹೋದ ರೀತಿಯೇ ಬೇರೆ. ರುದ್ರೇಶಪ್ಪನವರು ನೋಟಿಸ್ ಬೋರ್ಡಿಗೆ ‘ಡೂಪ್ಲಿಕೇಟ್ ಸದಸ್ಯರ ಹೆಸರು ತೆಗೆಯಲಾಗಿದೆ’ ಎಂದು ಅಂಟಿಸಿಬಿಟ್ಟಿದ್ದರು. ಕಿರಣನ ಬಾಯಲ್ಲಿ ಆ ಪದಕ್ಕೆ ಎರಡು ಸಲ ಬಂದದ್ದು ಎಂದಷ್ಟೇ ಅರ್ಥ. ನಮ್ಮಲ್ಲಿ ಡೂಪ್ಲಿಕೇಟ್ ಎಂದರೆ ನಕಲಿ. ಡೂಪ್ಲಿಕೇಟ್ ಬೀಜ, ಡೂಪ್ಲಿಕೇಟ್ ಔಷಧಿ, ಡೂಪ್ಲಿಕೇಟ್ ಡಾಕ್ಟರ್. ಈ ಸಲ ಸೂಳೆಕೆರೆ ಕಡೆಯಿಂದ ಬೇಗನೇ ವಾಪಸಾಗಿದ್ದ ಸಣ್ಣ ತಿಪ್ಪಮ್ಮ ಮರುದಿನ ಸೆಕೆಯಲ್ಲಿ ನಡೆದು ಬಂದು ನನ್ನ ಮೇಜಿನ ಮುಂದೆ ನಿಂತಳು. ಕೂರು ಎಂದರೂ ಕೂರಲಿಲ್ಲ.

“ನಾನು ಡೂಪ್ಲಿಕೇಟಾ?” ಎಂದಳು. “ನಾನು ಹುಟ್ಟಿದ್ದು ಖರೆ ಅಲ್ಲೇನು? ನಮ್ಮಪ್ಪ ನನ್ನ ಪಾಲು ಅಂತ ಕೊಟ್ಟ ಕುರಿ ಡೂಪ್ಲಿಕೇಟಾ? ನಮ್ಮಕ್ಕಂಗೆ ಸೂಜಿ ಬರ್ತೈತಂತೆ, ನಂಗಿಲ್ಲಂತೆ. ಮಾಡ ನೋಡಿದೇನು ಹೊರಗೆ?”

ಮಾಡ ಎಂದರೆ ಮೋಡ. ನೋಡಿದ್ದೆ. ಆ ವರ್ಷ ಮೋಡ ಬೇಗ ಕಟ್ಟಿತ್ತು. ಜಗಳೂರಿನಲ್ಲಿ ಮಳೆ ಸ್ವಲ್ಪ ತಡೆದು ಬರಲಿ ಎಂದು ಬಾಯಿಬಿಟ್ಟು ಹೇಳಿದರೆ ಹೊಡೆದೇ ಬಿಡುತ್ತಾರೆ. ಆದರೆ ಮಂದೆ ಇದ್ದವರೆಲ್ಲ ಒಳಗೊಳಗೇ ಅದನ್ನೇ ಬೇಡಿಕೊಳ್ಳುತ್ತಿದ್ದರು. ಆ ಹೆಂಗಸನ್ನು ಇಲ್ಲ ಎಂದವರ ಮೇಲೆ ಬಂದ ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಪರದೆಯನ್ನು ಅವಳ ಕಡೆ ತಿರುಗಿಸಿ, ಅವಳ ಸಂಖ್ಯೆಯನ್ನು ಒತ್ತಿ, ಹೆಸರು ತೋರಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

ಅಂದಿನಿಂದ ಫೋನುಗಳು ಶುರುವಾದವು. ಒಕ್ಕೂಟದ ಮ್ಯಾನೇಜರು ಮೊದಲು ನಯವಾಗಿ, ಆಮೇಲೆ ಗಡುಸಾಗಿ, ಕೊನೆಗೆ ನನ್ನ ಗುತ್ತಿಗೆ ಯಾವಾಗ ಮುಗಿಯುತ್ತದೆಂದು ವಿಚಾರಿಸುತ್ತಾ ಮಾತಾಡಿದರು. “ಎರಡು ಕಡೆ ಎರಡು ಪಟ್ಟಿ ಇದ್ರೆ ಗೊಂದಲ ಆಗುತ್ತಮ್ಮ. ಆ ಹಳೇ ಡಬ್ಬ ಆಫ್ ಮಾಡಿ” ಎಂದರು. ಗೊಂದಲ ನಿಮ್ಮ ಪಟ್ಟಿಯಲ್ಲಿದೆ ಸರ್, ನಾನು ಆಫ್ ಮಾಡಲ್ಲ ಎಂದೆ. ಹಾಗೆ ಹೇಳುವಾಗ ಇನ್ನೊಂದು ಕೈಯಲ್ಲಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಫೋನಿನಲ್ಲಿ ಕೈ ಕಾಣುವುದಿಲ್ಲ, ಅದೊಂದು ಅನುಕೂಲ.

ರುದ್ರೇಶಪ್ಪನವರಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಫ್ಯಾನು ತಟ್ಟನೆ ನಿಂತಿತು, ಲೈಟು ಹೋಯಿತು. “ಕರೆಂಟ್ ಹೋತು ನೋಡಮ್ಮ. ದೊಡ್ಡ ಫಾಲ್ಟಂತೆ. ಇವತ್ತು ಬರಲ್ಲ” ಎಂದರು ಅವರು, ಗೋಡೆ ನೋಡುತ್ತಾ. ಪಕ್ಕದ ಸೈಕಲ್ ಅಂಗಡಿಯ ರೇಡಿಯೋ ಜೋರಾಗಿ ಹಾಡುತ್ತಿತ್ತು. ಹಿಂದಿನ ಕೋಣೆಯಲ್ಲಿ ನನ್ನ ಸರ್ವರ್ ಅಬ್ಬಾನ ಬ್ಯಾಟರಿಯ ಮೇಲೆ ಗುಂಯ್ ಎನ್ನುತ್ತಲೇ ಇತ್ತು. ಹನುಮಕ್ಕ ಎದ್ದು ಹೋಗಿ ಅವರ ಮುಂದೆ ಕೈ ಚಾಚಿದರು.

“ರುದ್ರೇಶಪ್ಪ, ಜೇಬಿನಾಗೆ ಏನೈತೆ?”

ಅವರು ಜೇಬಿನಿಂದ ಫ್ಯೂಸನ್ನು ತೆಗೆದು ಹನುಮಕ್ಕನ ಕೈಯಲ್ಲಿಟ್ಟರು. ಪಾಪ, ಮುಖ ಬಿಳಿಚಿತ್ತು. “ನಂಗೆ ಪೆನ್ಶನ್ ಹತ್ರ ಬಂದೈತೆ ಹನುಮಕ್ಕ” ಎಂದರು. ಹನುಮಕ್ಕ ಬಯ್ಯಲಿಲ್ಲ. ಫ್ಯೂಸನ್ನು ನನಗೆ ಕೊಟ್ಟು ತಮ್ಮ ಕುರ್ಚಿಗೆ ವಾಪಸು ಬಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದರು.

“ನಂಗೆ ನಿನ್ನ ಮಿಷನ್ ತಿಳಿಯಂಗಿಲ್ಲ. ಒಂದೇ ಮಾತು ಹೇಳು. ನಿನ್ನ ಡಬ್ಬದಾಗೆ ಬೋರಯ್ಯನ ಮಕ್ಕಳು ಎಷ್ಟು ಮಂದಿ ಅದಾರೆ?”

“ಮೂವರು.”

“ಅವರದ್ರಾಗೆ?”

“ಒಬ್ಬಳು.”

“ಹಂಗಾರೆ ಬಂದ್ ಮಾಡಬ್ಯಾಡ. ಬಾಕಿದು ಸಭೇನಾಗೆ ನೋಡ್ಕಂತೀನಿ.”

ಸಭೆ ಕರೆದದ್ದು ಒಕ್ಕೂಟದವರೇ. ಹೊಸ ಪಟ್ಟಿಯನ್ನು ಒಪ್ಪಿ, ಸ್ಥಳೀಯ ಸರ್ವರ್ ನಿಲ್ಲಿಸುವುದಾಗಿ ಸರ್ವಸದಸ್ಯರ ಸಭೆಯಲ್ಲಿ ಠರಾವು ಆದರೆ ಅವರಿಗೆ ಮುಂದೆ ಯಾರ ಕಿರಿಕಿರಿಯೂ ಇರುವುದಿಲ್ಲ. ಗೋದಾಮಿನ ಮುಂದೆ ಶಾಮಿಯಾನ ಹಾಕಿಸಿದರು. 

ಬೆಳಿಗ್ಗೆಯಿಂದಲೇ ಹೆಂಗಸರು ಟ್ರ್ಯಾಕ್ಟರಿನಲ್ಲಿ, ಟೆಂಪೋದಲ್ಲಿ ಬಂದಿಳಿದರು. ಗಾಳಿ ನಿಂತಿತ್ತು. ಪಶ್ಚಿಮಕ್ಕೆ ಆಕಾಶ ಕಪ್ಪಾಗಿ ಕೂತಿತ್ತು, ಎಲ್ಲರ ಕಣ್ಣೂ ಆಗಾಗ ಅತ್ತ ಹೋಗಿ ಬರುತ್ತಿತ್ತು. ವೇದಿಕೆಯ ಮೇಲೆ ಮ್ಯಾನೇಜರು, ಹನುಮಕ್ಕ, ರುದ್ರೇಶಪ್ಪ, ಮತ್ತೆ ಪಶು ಆಸ್ಪತ್ರೆಯ ಡಾಕ್ಟರ್ ಶೈಲಜಾ. ಕಿರಣ್ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ನಾನು ಗೋದಾಮಿನ ಬಾಗಿಲಿಗೆ ಒರಗಿ ನಿಂತಿದ್ದೆ. ಒಳಗೆ ಯಾರೂ ಹೋಗಬಾರದೆಂದು ಕೀಲಿ ಕೈಯಲ್ಲೇ ಇಟ್ಟುಕೊಂಡಿದ್ದೆ.

ಮೊದಲು ಕೋರಂ ಇದೆಯೇ ನೋಡಬೇಕು, ಅದಕ್ಕೆ ಹಾಜರಿ ಕರೆಯಬೇಕು. ಮ್ಯಾನೇಜರು ಹೊಸ ಪಟ್ಟಿಯಿಂದಲೇ ಹೆಸರು ಕರೆಯತೊಡಗಿದರು. ಕರೆದವರು ಎದ್ದು ನಿಂತು ಹಾಜರಿ ಎಂದು ಹೇಳಿ ಕೂರುತ್ತಿದ್ದರು. ಒಂದಷ್ಟು ಹೆಸರು ಹೀಗೇ ಸರಾಗವಾಗಿ ಹೋದವು.

“ತಿಪ್ಪಮ್ಮ, ತಂದೆ ಬೋರಯ್ಯ.”

ಮೂವರು ಎದ್ದು ನಿಂತರು.

ಮ್ಯಾನೇಜರು ಕನ್ನಡಕದ ಮೇಲಿನಿಂದ ನೋಡಿದರು. “ಒಬ್ಬರು ನಿಂತ್ರೆ ಸಾಕಮ್ಮ. ಉಳಿದೋರು ಕೂತ್ಕೊಳ್ಳಿ.”

ಯಾರೂ ಕೂರಲಿಲ್ಲ.

“ಯಾರು ಕೂರಬೇಕು ಹೇಳ್ರಿ” ಎಂದಳು ದೊಡ್ಡ ತಿಪ್ಪಮ್ಮ. ಅವಳ ಹೆಸರು ಪಟ್ಟಿಯಲ್ಲಿ ಸುರಕ್ಷಿತವಾಗಿತ್ತು. ಅವಳಿಗೆ ಸೂಜಿ ಬರುತ್ತಿತ್ತು. “ನೀವೇ ಕೈ ಮಾಡಿ ತೋರಿಸ್ರಿ. ಬೋರಯ್ಯನ ಮಗಳು ಯಾರಲ್ಲ?”

ಮ್ಯಾನೇಜರು ಕಿರಣನ ಕಡೆ ನೋಡಿದರು. ಕಿರಣ್ ಲ್ಯಾಪ್‌ಟಾಪ್ ನೋಡಿದ. ಇರಲಿ, ಮುಂದೆ ಹೋಗೋಣ ಎಂದು ಅವರು ಮುಂದಿನ ಹೆಸರು ಕರೆದರು, ಓಬಮ್ಮ. ಇಬ್ಬರು ಎದ್ದರು. ಅವರೂ ಕೂರಲಿಲ್ಲ. ಬೋರಮ್ಮ ಎಂದಾಗ ಒಂದು ಮೂಲೆಯಿಂದ ಒಬ್ಬಳು, ಇನ್ನೊಂದು ಮೂಲೆಯಿಂದ ಇನ್ನೊಬ್ಬಳು ಎದ್ದರು. ಅಷ್ಟರಲ್ಲಿ ಆಗಲೇ ಹಾಜರಿ ಹೇಳಿ ಕೂತಿದ್ದವರೂ ಒಬ್ಬೊಬ್ಬರೇ ಏಳತೊಡಗಿದರು. ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ನನಗಂತೂ ಗೊತ್ತಿರಲಿಲ್ಲ. ಶಾಮಿಯಾನದ ಕೆಳಗೆ ಕೂತವರಿಗಿಂತ ನಿಂತವರು ಹೆಚ್ಚಾದರು, ಆಮೇಲೆ ಎಲ್ಲರೂ ನಿಂತೇ ಇದ್ದರು. ಕೂಗಾಟ ಇಲ್ಲ, ಘೋಷಣೆ ಇಲ್ಲ. ಕೂತ್ಕೊಳ್ಳಿ ಕೂತ್ಕೊಳ್ಳಿ ಎನ್ನುವ ಮ್ಯಾನೇಜರ ದನಿ ಮಾತ್ರ ಮೈಕಿನಲ್ಲಿ ಕೇಳುತ್ತಿತ್ತು.

ಹನುಮಕ್ಕ ಮೈಕು ತೆಗೆದುಕೊಂಡರು. “ಸಂಘದಾಗೆ ಯಾರು ಅದಾರೆ ಅಂತ ಹೇಳೋರು ಸಂಘದೋರು. ನಿಮಗೆ ಲೆಕ್ಕ ಬೇಕೇನ್ರಿ, ವಾರವಾರ ಕಳಿಸ್ತೀವಿ, ನಮ್ಮ ಡಬ್ಬದಿಂದ, ನಮ್ಮ ಕಿವಿಗುರುತು ಹಾಕಿ. ಅದನ್ನ ಹಂಗೇ ತಗಳ್ರಿ. ನಮ್ಮ ಡಬ್ಬ ಬಂದ್ ಆಗಂಗಿಲ್ಲ. ಇದೇ ಠರಾವು. ರುದ್ರೇಶಪ್ಪ, ಬರ್ಕಾ.”

ರುದ್ರೇಶಪ್ಪನವರು ಬೆವರು ಒರೆಸಿಕೊಂಡರು. ಆದರೂ ಬರೆದರು. ನಿಂತವರೆಲ್ಲ ಕೈ ಎತ್ತಿದರು. ಡಾಕ್ಟರ್ ಶೈಲಜಾ ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದರು. “ನಂಗೆ ಕುರಿ ಎಷ್ಟಿವೆ ಅನ್ನೋದು ಸರಿಯಾಗಿ ಬೇಕು. ಸೂಜಿ ಕಡಿಮೆ ಬೀಳಬಾರದು. ನಿಮ್ಮ ಪಟ್ಟಿ ಪ್ರಿಂಟ್ ಕೊಡಿ” ಎಂದರು. ಬಾಗಿಲು ತೆಗೆದು ಒಳಗೆ ಹೋಗಿ ಪ್ರಿಂಟ್ ಹಾಕಿದೆ. ಕಾಗದ ಹೊರಬರುತ್ತಿದ್ದಂತೆ ಮೂವರು ತಿಪ್ಪಮ್ಮಂದಿರ ಸಾಲುಗಳನ್ನು ಬೆರಳಿಟ್ಟು ಎಣಿಸಿದೆ.

ಒಕ್ಕೂಟದವರು ಆ ಠರಾವನ್ನು ಮರೆಯಲಿಲ್ಲ. ನನ್ನ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸುವ ಅನುಮತಿ ಬರಲಿಲ್ಲ, ಹನುಮಕ್ಕ ಎಷ್ಟು ಜಗಳವಾಡಿದರೂ ಬರಲಿಲ್ಲ. ಹೋಗುವ ಮೊದಲು ಮಾಡುವುದೆಲ್ಲವನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆ. ನನ್ನ ಜಾಗಕ್ಕೆ ಬಂದ ಹೆಣ್ಣುಮಗಳು ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಆ ಹಳೆಯ ಪೆಟ್ಟಿಗೆ ಸತ್ತು ಹೊಸದು ಬಂದಿದೆ, ಒಳಗಿನ ಲಿನಕ್ಸ್ ಅದೇ, ಸಂಖ್ಯೆಗಳೂ ಅವೇ. ಮೇಲಿನವರು ವಾರವಾರ ನಮ್ಮ ಲೆಕ್ಕವನ್ನು ನಮ್ಮ ಕಿವಿಗುರುತಿನ ಜೊತೆಗೇ ತೆಗೆದುಕೊಳ್ಳುತ್ತಿದ್ದಾರಂತೆ. ಅದಕ್ಕೆ ಅವರು ಈಗ ಬೇರೆ ಏನೋ ದೊಡ್ಡ ಹೆಸರಿಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳಲಿ.

ಆ ಸಲದ ಸೂಜಿ ಹಾಕಿದ್ದು ಸಭೆಯಾದ ನಾಲ್ಕೈದು ದಿನಕ್ಕೆ. ಅಲ್ಲಿಯವರೆಗೂ ಆ ಕಪ್ಪು ಮೋಡ ಹಾಗೇ ನಿಂತಿತ್ತು, ಆಮೇಲೂ ಸೂಜಿ ಮೈಗೆ ಹತ್ತುವಷ್ಟು ದಿನ ನಿಂತಿತ್ತು, ಒಂದು ಹನಿ ಉದುರಿಸಲಿಲ್ಲ. ಪಟ್ಟಿ ಹಿಡಿದುಕೊಂಡು ನಾನೂ ಡಾಕ್ಟರ ಜೀಪಿನಲ್ಲಿ ಊರಿಗೆ ಹೋದೆ. ರೊಪ್ಪದ ಬಾಯಿಯಲ್ಲಿ ಆಸ್ಪತ್ರೆಯ ಸಹಾಯಕರೊಬ್ಬರು ಕಾಗದ ಹಿಡಿದು ಕೂತಿದ್ದರು, ಹೊಸಬರು, ಬೇರೆ ಜಿಲ್ಲೆಯಿಂದ ಬಂದವರು. ಮೊದಲು ಬಲಗಿವಿಯ ತುದಿ ಕತ್ತರಿಸಿದ ಕುರಿಗಳು ಒಂದೊಂದಾಗಿ ದಾಟಿದವು. ಆಮೇಲೆ ಎಡಗಿವಿಯ ತುದಿ ಕತ್ತರಿಸಿದವು. ಅವು ಮುಗಿದ ಮೇಲೆ ಸಣ್ಣ ತಿಪ್ಪಮ್ಮ ತನ್ನ ಮೊದಲ ಕುರಿಯನ್ನು ಎರಡೂ ತೊಡೆಗಳ ನಡುವೆ ಒತ್ತಿ ಹಿಡಿದು ನಿಲ್ಲಿಸಿದಳು. ಡಾಕ್ಟರು ಸೂಜಿಗೆ ಔಷಧಿ ತುಂಬಿಕೊಂಡರು.

“ಹೆಸರು?” ಎಂದರು ಸಹಾಯಕರು.

“ತಿಪ್ಪಮ್ಮ. ತಂದೆ ಬೋರಯ್ಯ.”

ಅವರು ಪೆನ್ನು ನಿಲ್ಲಿಸಿ ಕತ್ತೆತ್ತಿದರು. “ಇನ್ನೂ ಒಬ್ಬರಾ?”

“ಹೂಂ, ಇನ್ನೂ ಒಬ್ಬಾಕಿ” ಎಂದಳು ಸಣ್ಣ ತಿಪ್ಪಮ್ಮ, ಕುರಿಯನ್ನು ಬಿಡದೆ, ಅವರ ಕಣ್ಣಲ್ಲಿ ಕಣ್ಣಿಟ್ಟು. “ಬರ್ಕಳ್ರಿ.”